ಅರಳುಮರಳೂ ಅಲ್ಲ, ಗಾಳಿಯೂ ಅಲ್ಲ

ಕಣ್ಣು ಮಂಜಾಗಿರುವ ಹಿರಿಯರೊಬ್ಬರು ಮುಸ್ಸಂಜೆಯ ಹೊತ್ತಿನಲ್ಲಿ, "ಬಾಗಿಲ ಹತ್ರ ಯಾವ್ದೋ ಮಕ್ಕಳು ನಿಂತಿದಾವಲ್ಲ, ಯಾರ ಮನೇವು?" ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಎರಡೇ ವಿವರಣೆ ಸಿದ್ಧವಾಗಿರುತ್ತವೆ. ಒಂದು ಅರಳುಮರಳು, ಇನ್ನೊಂದು ಗಾಳಿ. ಅರಳುಮರಳು ಎಂದುಕೊಂಡವರು ಅಂದಿನಿಂದ ಆ ಹಿರಿಯರ ಯಾವ ಮಾತಿಗೂ ಬೆಲೆ ಕೊಡುವುದಿಲ್ಲ. ಪಾಸ್‌ಬುಕ್ಕು, ಬೀರುವಿನ ಕೀಲಿಕೈ ಮೆಲ್ಲಗೆ ಬೇರೆಯವರ ಕೈ ಸೇರುತ್ತವೆ. ಗಾಳಿ ಎಂದುಕೊಂಡವರು ತಾಯಿತ ಕಟ್ಟಿಸುತ್ತಾರೆ, ಶಾಸ್ತ್ರ ಕೇಳಲು ಹೋಗುತ್ತಾರೆ, ಸತ್ತವರ ಲೆಕ್ಕ ತೆಗೆಯುತ್ತಾರೆ. ಎರಡೂ ಕಡೆಯವರಿಗೆ ಹಿರಿಯರ ಮೇಲೆ ಕಾಳಜಿ ಇಲ್ಲವೆಂದಲ್ಲ. ಆದರೆ ಬುದ್ಧಿ ನೆಟ್ಟಗಿದ್ದು ಕಣ್ಣು ಮಾತ್ರ ಸೋತವರಲ್ಲಿ ಒಂದು ಪಾಲು ಜನರಿಗೆ ಇಲ್ಲದ ಮನುಷ್ಯರು, ಇಲ್ಲದ ಪ್ರಾಣಿಗಳು, ಇಲ್ಲದ ಜಾಲರಿ, ಗೋಡೆ, ಬಳ್ಳಿಗಳು ಹಗಲುಹೊತ್ತಿನಲ್ಲೇ ನಿಚ್ಚಳವಾಗಿ ಕಾಣುತ್ತವೆ. ಅವರಿಗೆ ಹುಚ್ಚು ಹಿಡಿದಿಲ್ಲ, ಮರೆವು ಮುತ್ತಿಲ್ಲ, ಯಾವುದೂ ಸೋಕಿಲ್ಲ. ವೈದ್ಯರು ಇದನ್ನು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಎನ್ನುತ್ತಾರೆ. ದೃಷ್ಟಿ ಕುಂದುತ್ತಿರುವ ಪ್ರತಿಯೊಬ್ಬರಿಗೂ ಇದನ್ನು ಮೊದಲೇ ಹೇಳಿಡುವುದು ಕಣ್ಣಿನ ಚಿಕಿತ್ಸೆಯದೇ ಒಂದು ಭಾಗ, ಹೇಳದೆ ಕಳಿಸುವುದು ಅರ್ಧ ಚಿಕಿತ್ಸೆ ಎಂಬುದು ನನ್ನ ವಾದ.

ಹೆಸರು ಬಂದದ್ದು ಜಿನೀವಾದಿಂದ. ಶಾರ್ಲ್ ಬೊನೆ 1720ರಲ್ಲಿ ಹುಟ್ಟಿದ ನಿಸರ್ಗ ವಿಜ್ಞಾನಿ. ಇಂಗ್ಲಿಷಿನವರ ಬಾಯಲ್ಲಿ ಅವನೇ ಚಾರ್ಲ್ಸ್ ಬಾನೆಟ್. ಇಪ್ಪತ್ತರ ಹರೆಯದಲ್ಲಿ ಈತ ಒಂದೇ ಒಂದು ಸಸ್ಯಹೇನನ್ನು ಗಂಡಿನ ಸಂಪರ್ಕವಿಲ್ಲದಂತೆ ಗಾಜಿನ ಮರೆಯಲ್ಲಿ ಬೆಳೆಸಿ, 33 ದಿನ ಬೆಳಗಿನ ಜಾವದಿಂದ ರಾತ್ರಿಯವರೆಗೆ ಅದರ ಮೇಲೆ ಕಣ್ಣಿಟ್ಟು, ಅದು ಹಾಕಿದ 95 ಮರಿಗಳನ್ನು ಒಂದೊಂದಾಗಿ ಲೆಕ್ಕವಿಟ್ಟವನು. ಗಂಡಿಲ್ಲದೆಯೂ ಸಂತಾನವಾಗುತ್ತದೆ ಎಂದು ತೋರಿಸಿಕೊಟ್ಟ ಪ್ರಯೋಗವದು. ಅಷ್ಟೊಂದು ದುಡಿದ ಕಣ್ಣುಗಳು ಬೇಗ ಕೈಕೊಟ್ಟವು. ಸೂಕ್ಷ್ಮದರ್ಶಕ ಬಿಟ್ಟು ಆತ ಮನಸ್ಸಿನ ಶಕ್ತಿಗಳ ಕುರಿತು ಬರೆಯತೊಡಗಿದ. 1760ರಲ್ಲಿ ಹೊರಬಂದ ಅಂಥ ಒಂದು ಗ್ರಂಥದಲ್ಲಿ ತನ್ನ ತಾಯಿಯ ತಂದೆ ಶಾರ್ಲ್ ಲುಲ್ಲಾನ್ ಕಂಡ ನೋಟಗಳನ್ನು ದಾಖಲಿಸಿದ.

ಲುಲ್ಲಾನ್ ಜಿನೀವಾದ ನ್ಯಾಯಾಡಳಿತದಲ್ಲಿ ದುಡಿದು ನಿವೃತ್ತನಾದವನು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ಕೆಲಕಾಲ ಚೆನ್ನಾಗಿದ್ದ ದೃಷ್ಟಿ ಮತ್ತೆ ಮಂಕಾಯಿತು. 1758ರ ಫೆಬ್ರವರಿಯಲ್ಲಿ, ತೊಂಬತ್ತರ ಹತ್ತಿರ ಬಂದಿದ್ದ ಅವನ ಕಣ್ಣೆದುರು ಮೊದಲು ತೇಲಿ ಬಂದದ್ದು ಒಂದು ನೀಲಿ ಕರವಸ್ತ್ರ. ಅದರ ನಾಲ್ಕು ಮೂಲೆಯಲ್ಲೂ ಒಂದೊಂದು ಪುಟ್ಟ ಹಳದಿ ಬೊಟ್ಟು. ಗೋಡೆ ನೋಡಿದರೆ ಗೋಡೆಯ ಮೇಲೆ, ಹಾಸಿಗೆ ನೋಡಿದರೆ ಹಾಸಿಗೆಯ ಮೇಲೆ, ಕಣ್ಣು ತಿರುಗಿದತ್ತ ಅದೂ ತಿರುಗುತ್ತಿತ್ತು. ಕರವಸ್ತ್ರ ನಿಜವಾಗಿ ಅಲ್ಲಿದೆ ಎಂದು ಆತ ಒಮ್ಮೆಯೂ ನಂಬಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಮೊಮ್ಮಕ್ಕಳಿಬ್ಬರು ನೋಡಲು ಬಂದು ಬಲಗಡೆ ಕೂತಿದ್ದಾಗ, ಎಡಗಡೆಯಿಂದ ಇಬ್ಬರು ತರುಣರು ಒಳಬಂದರು. ಒಬ್ಬನದು ಕೆಂಪು ನಿಲುವಂಗಿ, ಇನ್ನೊಬ್ಬನದು ಬೂದುಬಣ್ಣದ್ದು, ಟೋಪಿಗಳಿಗೆ ಬೆಳ್ಳಿಯ ಅಂಚು. ಇಷ್ಟು ಚೆಂದದ ಹುಡುಗರನ್ನು ಕರೆತಂದಿದ್ದೀರಿ, ಮೊದಲೇ ತಿಳಿಸಬಾರದಿತ್ತೇ ಎಂದು ಅಜ್ಜ ಕೇಳಿದ. ಯಾರೂ ಇಲ್ಲವಲ್ಲ ಎಂದರು ಮೊಮ್ಮಕ್ಕಳು. ಸ್ವಲ್ಪ ಹೊತ್ತಿಗೆ ಆ ತರುಣರು ಕರಗಿಹೋದರು. ಆಮೇಲೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಅಂದವಾಗಿ ತಲೆ ಬಾಚಿಕೊಂಡವರು, ಕೆಲವರ ತಲೆಯ ಮೇಲೆ ಚಿಕ್ಕದೊಂದು ಪೆಟ್ಟಿಗೆ.

ಈ ವಿವರಗಳು ನಮಗೆ ಸಿಕ್ಕಿರುವುದು ಲುಲ್ಲಾನ್ ತಾನೇ ಹೇಳಿ ಬರೆಸಿದ ದಾಖಲೆಯಿಂದ. ಅದು ಅಚ್ಚಾದದ್ದು 1902ರಲ್ಲಿ. ಗಮನಿಸಬೇಕಾದದ್ದು ಮೊಮ್ಮಗ ಬೊನೆಯ ಮನೋಭಾವವನ್ನು. ಸಸ್ಯಹೇನಿನ ಮರಿಗಳನ್ನು ಎಷ್ಟು ಶ್ರದ್ಧೆಯಿಂದ ಎಣಿಸಿದ್ದನೋ ಅಷ್ಟೇ ಶ್ರದ್ಧೆಯಿಂದ ಅಜ್ಜನ ಮಾತನ್ನು ಕೇಳಿಸಿಕೊಂಡ. ಅಜ್ಜನ ತೀರ್ಮಾನಶಕ್ತಿ, ನೆನಪು ಎರಡೂ ಗಟ್ಟಿಯಾಗಿವೆ ಎಂದು ಸ್ಪಷ್ಟಪಡಿಸಿ, ಈ ನೋಟಗಳ ಮೂಲ ಮಿದುಳಿನ ದೃಷ್ಟಿಭಾಗದಲ್ಲಿರಬೇಕು ಎಂದು ಊಹಿಸಿದ. ಮಿದುಳನ್ನು ಜೀವಂತವಾಗಿ ನೋಡುವ ಯಾವ ಉಪಾಯವೂ ಇಲ್ಲದ ಕಾಲದಲ್ಲಿ ಮಾಡಿದ ಆ ಊಹೆ ಸರಿಯಾಗಿತ್ತು. ಮುಂದೆ 1930ರ ದಶಕದಲ್ಲಿ ಜಿನೀವಾದ ನರವೈದ್ಯ ಜಾರ್ಜ್ ದ ಮೊರ್ಸಿಯೆ ಈ ಸ್ಥಿತಿಗೆ ಬೊನೆಯ ಹೆಸರಿಟ್ಟ.

ಹಾಗಾದರೆ ಕಣ್ಣು ಸೋತವರಿಗೆ ಕಡಿಮೆ ಕಾಣಬೇಕಲ್ಲದೆ ಇಲ್ಲದ್ದೇಕೆ ಕಾಣಬೇಕು? ಈ ಪ್ರಶ್ನೆ ಹುಟ್ಟುವುದೇ ನೋಟದ ಬಗ್ಗೆ ನಮಗಿರುವ ಒಂದು ತಪ್ಪು ಕಲ್ಪನೆಯಿಂದ. ಕಣ್ಣು ಕ್ಯಾಮೆರಾ, ಅದು ತೆಗೆದ ಚಿತ್ರ ಮಿದುಳಿನ ಪರದೆಯ ಮೇಲೆ ಬೀಳುತ್ತದೆ ಎಂದು ಶಾಲೆಯಲ್ಲಿ ಕಲಿತದ್ದನ್ನೇ ಇವತ್ತಿಗೂ ನಂಬಿಕೊಂಡಿದ್ದೇವೆ. ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಸುಮಾರು 10 ಕೋಟಿ. ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯುವ ದೃಷ್ಟಿನರದ ಎಳೆಗಳು ಸುಮಾರು 10 ಲಕ್ಷ ಮಾತ್ರ. ಅಂದರೆ ದಾರಿಯಲ್ಲೇ ಬಹಳಷ್ಟು ಆಯ್ದು, ಸೋಸಿ, ಸಂಗ್ರಹಿಸಿದ ಸುದ್ದಿಯಷ್ಟೇ ಮುಂದೆ ಹೋಗುತ್ತದೆ. ಮಿದುಳಿನ ನಡುವೆ ಥಲಮಸ್ ಎಂಬ ತಂಗುದಾಣವಿದೆ. ಅಲ್ಲಿನ ದೃಷ್ಟಿಕೋಶಗಳಿಗೆ ಬಂದು ಸೇರುವ ತಂತುಗಳಲ್ಲಿ ಕಣ್ಣಿನಿಂದ ಬರುವವು ಹತ್ತರಲ್ಲಿ ಒಂದು ಪಾಲಿನಷ್ಟು. ಉಳಿದವುಗಳಲ್ಲಿ ದೊಡ್ಡದೊಂದು ಪಾಲು ಮಿದುಳಿನ ಮೇಲ್ಭಾಗದಿಂದ ಕೆಳಗಿಳಿದು ಬಂದವು. ಹೊರಗಿನಿಂದ ಬರುವ ಸುದ್ದಿಗಿಂತ ಒಳಗಿನಿಂದ ಹೋಗುವ ಅಂದಾಜಿಗೆ ಅಲ್ಲಿ ಹೆಚ್ಚು ದಾರಿಗಳಿವೆ.

ನಮ್ಮೆಲ್ಲರ ಕಣ್ಣಿನಲ್ಲೂ ಇದಕ್ಕೊಂದು ಸಾಕ್ಷಿ ಇದೆ. ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಆ ಕುರುಡು ಚುಕ್ಕೆ ಚಿಕ್ಕದೇನಲ್ಲ: ಹುಣ್ಣಿಮೆಯ ಚಂದ್ರಬಿಂಬಗಳನ್ನು ಹತ್ತು ಸಾಲಾಗಿ ಜೋಡಿಸಿದಷ್ಟು ಅಗಲದ ಆಕಾಶ ಅದರೊಳಗೆ ಅಡಗಬಲ್ಲದು. ಆದರೂ ಒಂದು ಕಣ್ಣು ಮುಚ್ಚಿಕೊಂಡು ನೋಡಿದರೆ ಆಕಾಶದಲ್ಲಿ ತೂತೇನೂ ಕಾಣುವುದಿಲ್ಲ. ಸುತ್ತಲಿನದನ್ನು ನೋಡಿ ಮಿದುಳು ಆ ಜಾಗವನ್ನು ತುಂಬಿಬಿಡುತ್ತದೆ, ತುಂಬಿದ ಸುಳಿವನ್ನೂ ನಮಗೆ ಕೊಡುವುದಿಲ್ಲ. ಕಾಣುವುದೆಂದರೆ ಒಳಗೆ ಕಟ್ಟಿಕೊಳ್ಳುವುದು. ಹೊರಗಿನ ಬೆಳಕು ಆ ಕಟ್ಟಡವನ್ನು ಕ್ಷಣಕ್ಷಣವೂ ತಿದ್ದುತ್ತಿರುತ್ತದೆ.

ಈಗ ತಿದ್ದುವ ಸುದ್ದಿಯೇ ಬರುವುದು ನಿಂತಿತು ಎನ್ನಿ. ವಯಸ್ಸಾದಂತೆ ಕೆಲವರಲ್ಲಿ ಅಕ್ಷಿಪಟಲದ ನಡುಭಾಗವಾದ ಮ್ಯಾಕುಲಾ ಸವೆದು ನೋಟದ ನಡುಭಾಗವೇ ಮಾಸುತ್ತದೆ. ಗ್ಲಾಕೋಮಾದಲ್ಲಿ ನರ ಒಣಗುತ್ತಾ ಬದಿಯ ನೋಟ ಹೋಗುತ್ತದೆ. ಸಕ್ಕರೆ ಕಾಯಿಲೆ ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸುತ್ತದೆ. ಪೊರೆ ಬಲಿತರೆ ಬೆಳಕೇ ಒಳಗೆ ಹೋಗುವುದಿಲ್ಲ. ಇವೆಲ್ಲದರಲ್ಲೂ ಕೆಟ್ಟದ್ದು ಕಣ್ಣು. ದೃಷ್ಟಿಯನ್ನು ಕಟ್ಟುವ ಮಿದುಳಿನ ಭಾಗ ಆರೋಗ್ಯವಾಗಿಯೇ ಇದೆ, ಕೆಲಸವಿಲ್ಲದೆ ಕೂತಿದೆ. ನರಕೋಶಗಳ ಗುಣವೆಂದರೆ, ಬರುವ ಸಂಕೇತ ಕಡಿಮೆಯಾದಷ್ಟೂ ಅವು ತಮ್ಮ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತವೆ. ಹಳೆಯ ರೇಡಿಯೊದಲ್ಲಿ ಸ್ಟೇಷನ್ ಸರಿಯಾಗಿ ಸಿಗದಾಗ ವಾಲ್ಯೂಮ್ ಏರಿಸಿದರೆ ಗೊರಗೊರ ಸದ್ದೇ ದೊಡ್ಡದಾಗಿ ಕೇಳುವಂತೆ, ಏರಿದ ಸೂಕ್ಷ್ಮತೆಯಲ್ಲಿ ಮಿದುಳಿನ ತನ್ನದೇ ಸಣ್ಣಪುಟ್ಟ ಮಿಡಿತಗಳು ನೋಟವಾಗಿ ಹೊರಬರುತ್ತವೆ. ವ್ಯತ್ಯಾಸ ಒಂದೇ: ಇಲ್ಲಿ ಹೊರಬರುವುದು ಬರೀ ಗೊರಗೊರವಲ್ಲ, ರೂಪ. ಯಾಕೆಂದರೆ ಮಿಡಿಯುತ್ತಿರುವುದು ರೂಪ ಕಟ್ಟುವುದನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಜಾಗ.

ಇದು ಬರೀ ತರ್ಕದ ಮಾತಲ್ಲ. 1998ರಲ್ಲಿ ಲಂಡನ್ನಿನಲ್ಲಿ ಡಾಮಿನಿಕ್ ಫಿಚ್ ಮತ್ತು ಸಂಗಡಿಗರು ಇಂಥ ನೋಟಗಳಿರುವವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಚಿತ್ರ ಕಂಡಾಗ ಸನ್ನೆ ಮಾಡಲು ಹೇಳಿ, ಅದೇ ಹೊತ್ತಿಗೆ ಮಿದುಳಿನಲ್ಲಿ ಏನಾಗುತ್ತಿದೆ ಎಂದು ನೋಡಿದರು. ಬಣ್ಣ ಕಂಡಾಗ ಬಣ್ಣವನ್ನು ಗ್ರಹಿಸುವ ಪ್ರದೇಶ ಚುರುಕಾಗಿತ್ತು. ಮುಖ ಕಂಡಾಗ ಮುಖವನ್ನು ಗುರುತಿಸುವ ಪ್ರದೇಶ. ನಾವು ಕಣ್ಣು ಮುಚ್ಚಿ ಒಂದು ಬಣ್ಣವನ್ನು ಕಲ್ಪಿಸಿಕೊಂಡಾಗ ಆ ಬಣ್ಣದ ಪ್ರದೇಶ ಹೀಗೆ ಉರಿಯುವುದಿಲ್ಲ. ಆದ್ದರಿಂದ ಈ ಹಿರಿಯರು "ಕಲ್ಪಿಸಿಕೊಂಡು ಹೇಳುತ್ತಿದ್ದಾರೆ" ಎನ್ನುವುದು ಸುಳ್ಳು. ಅವರು ಕಾಣುತ್ತಿದ್ದಾರೆ. ನಾನೂ ನೀವೂ ಎದುರಿಗಿರುವ ಮನುಷ್ಯನನ್ನು ಯಾವ ಅಂಗಾಂಶದಿಂದ ಕಾಣುತ್ತೇವೋ ಅದೇ ಅಂಗಾಂಶದಿಂದ ಅವರು ಎದುರಿಗಿಲ್ಲದವನನ್ನು ಕಾಣುತ್ತಿದ್ದಾರೆ. 2018ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಮ್ಯಾಕುಲಾ ಸವೆದವರ ಉಳಿದ ಬದಿನೋಟಕ್ಕೆ ಮಿಣುಗುವ ಚೌಕಗಳನ್ನು ತೋರಿಸಿದರು. ಇಲ್ಲದ್ದು ಕಾಣುವವರ ದೃಷ್ಟಿಪ್ರದೇಶ, ಅದೇ ಕಾಯಿಲೆಯಿದ್ದೂ ಏನೂ ಕಾಣದವರದ್ದಕ್ಕಿಂತ ಬಹಳ ಜೋರಾಗಿ ಪ್ರತಿಕ್ರಿಯಿಸಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಒಪ್ಪಿಸಿದ್ದು ಬಾಸ್ಟನ್ನಿನ ಪ್ರಯೋಗ. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಣ್ಣು ಪೂರ್ತಿ ಚೆನ್ನಾಗಿದ್ದ 13 ಜನ ಸ್ವಯಂಸೇವಕರು ಐದು ದಿನ ಬೆಳಕು ಒಂದಿಷ್ಟೂ ನುಸುಳದ ಪಟ್ಟಿ ಕಟ್ಟಿಕೊಂಡು ಕಳೆದರು. ಅವರಲ್ಲಿ 10 ಜನರಿಗೆ ಇಲ್ಲದ್ದು ಕಂಡಿತು. ಕೆಲವರಿಗೆ ಬರೀ ಬೆಳಕಿನ ಚುಕ್ಕೆ, ಕೆಲವರಿಗೆ ಮುಖ, ಊರು, ಸೂರ್ಯಾಸ್ತ. ಹೆಚ್ಚಿನವರಿಗೆ ಶುರುವಾದದ್ದು ಮೊದಲ ಒಂದೆರಡು ದಿನದಲ್ಲೇ. ಪಟ್ಟಿ ಬಿಚ್ಚಿದ ಮೇಲೆ ನಿಂತುಹೋಯಿತು. ವಯಸ್ಸಿಲ್ಲ, ಕಾಯಿಲೆಯಿಲ್ಲ, ಪೂರ್ವಜರ ಶಾಪವಿಲ್ಲ, ಬೆಳಕೊಂದನ್ನು ತೆಗೆದದ್ದಷ್ಟೇ.

ಕೈ ಕಳೆದುಕೊಂಡವರಿಗೆ ಇಲ್ಲದ ಕೈ ನೋಯುವುದನ್ನು ಈಗ ಯಾರೂ ಹುಚ್ಚು ಎನ್ನುವುದಿಲ್ಲ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅಂಥ ಕೈಗಳ ಬಗ್ಗೆ 1998ರಲ್ಲಿ ಬರೆದ ಹೆಸರಾಂತ ಪುಸ್ತಕದಲ್ಲೇ ಬಾನೆಟ್ ಸಿಂಡ್ರೋಮಿಗೂ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಕಿವಿ ಮಂದವಾದ ಕೆಲವರಿಗೆ ಎಲ್ಲೂ ನುಡಿಯದ ಸಂಗೀತ ಕೇಳುತ್ತದೆ. ಎಲ್ಲವೂ ಒಂದೇ ಕುಟುಂಬದವು. ಆದರೆ ಕೈಗೂ ಕಿವಿಗೂ ಸಿಕ್ಕ ಸಹಾನುಭೂತಿ ಕಣ್ಣಿಗೆ ಸಿಕ್ಕಿಲ್ಲ.

ಏನು ಕಾಣುತ್ತದೆ ಎಂಬುದರಲ್ಲೂ ಒಂದು ಕ್ರಮವಿದೆ. ಬಹಳ ಮಂದಿಗೆ ವಿನ್ಯಾಸಗಳು: ಇಟ್ಟಿಗೆ ಕಟ್ಟಿದಂಥ ಗೋಡೆ, ಜಾಲರಿ, ಜೇನುಗೂಡಿನ ಹಾಗೆ ಹೆಣೆದ ಷಟ್ಕೋನಗಳು, ಕವಲೊಡೆಯುವ ಕೊಂಬೆಗಳು. ಕೆಲವರಿಗೆ ಓದಲಾಗದ ಅಕ್ಷರಗಳ ಸಾಲು. ಇನ್ನು ಕೆಲವರಿಗೆ ಗೇಣುದ್ದದ ಪುಟ್ಟ ಮನುಷ್ಯರು, ಝಗಝಗಿಸುವ ಉಡುಪು, ತಲೆಯ ಮೇಲೆ ಟೋಪಿಯೋ ಅಲಂಕಾರವೋ. ಬರೀ ಮುಖವೊಂದೇ ಬಂದು ನಿಲ್ಲುವುದೂ ಉಂಟು. ಕಣ್ಣು ದೊಡ್ಡದಾಗಿ ಹಲ್ಲು ಹೊರಚಾಚಿದ ಮುಖ. ಇದನ್ನು ಓದಿದವರಿಗೆ ದೆವ್ವದ ಚಿತ್ರ ನೆನಪಾದರೆ ತಪ್ಪಿಲ್ಲ, ಆದರೆ ಕಾರಣ ಬೇರೆ: ಮಿದುಳಿನ ಒಂದು ಭಾಗ ಮುಖವನ್ನು ಕಣ್ಣು, ಬಾಯಿ, ಹಲ್ಲುಗಳ ಲೆಕ್ಕದಲ್ಲೇ ಓದುತ್ತದೆ, ಅದು ತಾನಾಗಿ ಮಿಡಿದಾಗ ಆ ಅಂಗಗಳೇ ಅತಿಯಾಗಿ ತೋರುತ್ತವೆ. ನೋಟಗಳಿಗೆ ಸದ್ದಿಲ್ಲ. ಬಂದವರು ಮಾತಾಡುವುದಿಲ್ಲ, ಕರೆಯುವುದಿಲ್ಲ, ಬಹುಮಟ್ಟಿಗೆ ನೋಡುವವರನ್ನು ಗಮನಿಸುವುದೂ ಇಲ್ಲ. ಮತ್ತು ಸಾಮಾನ್ಯವಾಗಿ ಅವರೆಲ್ಲ ಅಪರಿಚಿತರು.

ಈ ಕೊನೆಯ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು, ನಮ್ಮ ದರ್ಶನಕಾರರ ಕಡೆಗೂ ಕರೆದೊಯ್ದಿತು. ಭ್ರಮೆಯನ್ನು ಕುರಿತು ಭಾರತೀಯ ತತ್ತ್ವಶಾಸ್ತ್ರದಲ್ಲಿ ನಡೆದಷ್ಟು ಚರ್ಚೆ ಇನ್ನೆಲ್ಲೂ ನಡೆದಿರಲಾರದು. ಖ್ಯಾತಿವಾದಗಳೆಂದೇ ಅವಕ್ಕೆ ಹೆಸರು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಂಡರೆ, ಬೇರೆಲ್ಲೋ ಹಿಂದೆ ಕಂಡಿದ್ದ ಬೆಳ್ಳಿಯೇ ನೆನಪಿನ ಮೂಲಕ ಇಲ್ಲಿ ತೋರುತ್ತಿದೆ ಎಂದರು ನ್ಯಾಯದರ್ಶನದವರಾದ ನೈಯಾಯಿಕರು. ಹಗ್ಗದಲ್ಲಿ ಹಾವು ಕಾಣಬೇಕಾದರೂ ಹಗ್ಗವೊಂದು ಅಲ್ಲಿರಬೇಕು, ಹಾವನ್ನು ಹಿಂದೆ ಕಂಡಿರಬೇಕು. ಲುಲ್ಲಾನ್ ಕಂಡ ತರುಣರಿಗೆ ಹಗ್ಗವೂ ಇರಲಿಲ್ಲ, ಅವರನ್ನು ಆತ ಹಿಂದೆಂದೂ ಕಂಡೂ ಇರಲಿಲ್ಲ. ಹಾಗೆಂದು ನೈಯಾಯಿಕರ ಮಾತನ್ನು ತಳ್ಳಿಹಾಕುವಂತಿಲ್ಲ. ಹುಟ್ಟಿನಿಂದಲೇ ಕಣ್ಣಿಲ್ಲದವರಿಗೆ ಈ ನೋಟಗಳು ಬರುವುದಿಲ್ಲ. ನೋಡಲು ಕಲಿತು ಆಮೇಲೆ ಕಳೆದುಕೊಂಡವರಿಗೇ ಬರುವುದು. ಆ ಮುಖವನ್ನು ಹಿಂದೆ ಕಂಡಿಲ್ಲ ನಿಜ, ಆದರೆ ಮುಖ ಎಂದರೆ ಹೇಗಿರುತ್ತದೆ ಎಂಬುದನ್ನು ಮಿದುಳು ಸಾವಿರಾರು ಮುಖಗಳಿಂದ ಕಲಿತಿದೆ. ನೆನಪಾಗಿ ಉಳಿದದ್ದು ವ್ಯಕ್ತಿಗಳಲ್ಲ, ಮಾದರಿ.

ಇನ್ನೂ ಹತ್ತಿರದ ಉದಾಹರಣೆ ತಿಮಿರ ಎಂಬ ಕಣ್ಣಿನ ರೋಗದ್ದು. ಬೌದ್ಧ ದಾರ್ಶನಿಕ ವಸುಬಂಧು ತನ್ನ ವಿಂಶತಿಕೆಯ ಆರಂಭದಲ್ಲೇ, ತಿಮಿರ ಹಿಡಿದ ಕಣ್ಣಿಗೆ ಇಲ್ಲದ ಕೂದಲು, ಇಲ್ಲದ ಚಂದ್ರ ಕಾಣುವುದನ್ನು ದೃಷ್ಟಾಂತವಾಗಿ ತರುತ್ತಾನೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಇದೇ ರೋಗದ ಲಕ್ಷಣ ಹೇಳುವಾಗ ನೊಣ, ಸೊಳ್ಳೆ, ಕೂದಲು, ಬಲೆ, ವರ್ತುಲ, ಪತಾಕೆ ಕಾಣುವುದರ ಪಟ್ಟಿಯಿದೆ. ಇದರಲ್ಲಿ ಬಹಳಷ್ಟು ಕಣ್ಣಿನೊಳಗಿನ ದ್ರವದಲ್ಲಿ ತೇಲುವ ಕಣಗಳ ನೆರಳಿರಬಹುದು; ಎರಡು ಸಾವಿರ ವರ್ಷ ಹಿಂದಿನವರಿಗೆ ಬಾನೆಟ್ ಸಿಂಡ್ರೋಮ್ ಗೊತ್ತಿತ್ತು ಎಂದು ಬೀಗುವವರ ಸಾಲಿಗೆ ನಾನು ಸೇರುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಅವರ ನಿಲುವು. ಇಲ್ಲದ್ದು ಕಾಣುತ್ತಿದೆ ಎಂದವನನ್ನು ಆ ವೈದ್ಯ ಕಣ್ಣಿನ ರೋಗಿಗಳ ಸಾಲಿನಲ್ಲಿ ಕೂರಿಸಿದ, ಭೂತ ಹಿಡಿದವರ ಸಾಲಿನಲ್ಲಿ ಅಲ್ಲ. ಅದೇ ಗ್ರಂಥದಲ್ಲಿ ಗ್ರಹಬಾಧೆಗೆ ಬೇರೆ ಅಧ್ಯಾಯಗಳೇ ಇದ್ದವು ಎಂಬುದನ್ನು ನೆನೆದರೆ ಈ ವಿಂಗಡಣೆಯ ಬೆಲೆ ತಿಳಿಯುತ್ತದೆ.

ಅದ್ವೈತಿಗಳು ಭ್ರಮೆಯ ಬಗ್ಗೆ ಮಾಡಿದ ಒಂದು ವಿಭಾಗವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಗ್ಗವೆಂದು ತಿಳಿದ ಕೂಡಲೇ ಹಾವು ಮಾಯವಾಗುತ್ತದೆ. ಆದರೆ ಕೆಂಪು ಹೂವಿನ ಪಕ್ಕದಲ್ಲಿಟ್ಟ ಸ್ಫಟಿಕ, ಅದು ಬಿಳಿಯದೆಂದು ತಿಳಿದ ಮೇಲೂ ಕೆಂಪಾಗಿಯೇ ಕಾಣುತ್ತದೆ; ಹೂವು ಅಲ್ಲಿರುವ ತನಕ ಹಾಗೆಯೇ. ಇದನ್ನು ಸೋಪಾಧಿಕ ಭ್ರಮ ಎಂದರು. ಕಣ್ಣು ಸೋತವರ ನೋಟ ಈ ಎರಡನೆಯ ಜಾತಿಯದು. ಅದು ನಿಜವಲ್ಲ ಎಂದು ಗೊತ್ತಾದ ಮೇಲೂ ಚಿತ್ರ ಹೋಗುವುದಿಲ್ಲ. ಹೋಗುವುದು ಭಯ. ತಿಳಿವಳಿಕೆಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದರ ಗೆರೆ ಅಲ್ಲಿದೆ.

ಆ ಭಯ ಸಣ್ಣದಲ್ಲ. ಕಾಣುವುದಕ್ಕಿಂತ ಕಂಡದ್ದನ್ನು ಯಾರಿಗೂ ಹೇಳಲಾಗದ್ದು ದೊಡ್ಡ ಕಷ್ಟ. ನೆದರ್ಲೆಂಡ್ಸ್‌ನಲ್ಲಿ 1996ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ದೃಷ್ಟಿ ಕುಂದಿದ 505 ಜನರನ್ನು ವಿಚಾರಿಸಿದಾಗ 60 ಜನರಲ್ಲಿ ಈ ಸ್ಥಿತಿ ಕಂಡಿತು. ಎಂಟೊಂಬತ್ತು ಜನರಿಗೆ ಒಬ್ಬರು. ನಮ್ಮ ಯಾವುದೇ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದ ಮುಂದಿನ ಬೆಂಚುಗಳಲ್ಲಿ ಒಂದು ಬೆಳಿಗ್ಗೆ ಎಷ್ಟು ಹಿರಿಯರು ಕೂತಿರುತ್ತಾರೆ ಎಂದು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅವರಲ್ಲಿ ಯಾರೂ ತಾವಾಗಿ ಈ ಮಾತೆತ್ತುವುದಿಲ್ಲ. "ಹೇಳಿದ್ರೆ ನಂಗೆ ತಲೆ ಕೆಟ್ಟಿದೆ ಅಂತಾರೆ" ಎಂಬ ಅಂಜಿಕೆ. ಕಣ್ಣಿನ ವೈದ್ಯರು ಕೇಳುವುದಿಲ್ಲ, ಅದು ಮನಸ್ಸಿನ ವಿಷಯವೆಂದು. ಮನಸ್ಸಿನ ವೈದ್ಯರ ಬಳಿಗೆ ಇವರು ಹೋಗುವುದಿಲ್ಲ, ಮನಸ್ಸಿಗೆ ಏನೂ ಆಗಿಲ್ಲವಲ್ಲ. ಎರಡು ವಿಭಾಗಗಳ ನಡುವಿನ ಕಾರಿಡಾರಿನಲ್ಲಿ ಈ ರೋಗಿ ಕಳೆದುಹೋಗುತ್ತಾನೆ.

ಮೊದಲೇ ಹೇಳಬೇಕು ಎಂದರೆ ಬರುವ ಮೊದಲ ಆಕ್ಷೇಪ: ಕಣ್ಣು ಹೋಗುತ್ತಿದೆ ಎಂಬ ದುಃಖದಲ್ಲಿರುವವರಿಗೆ ಇಲ್ಲದ್ದೆಲ್ಲ ಕಾಣಬಹುದು ಎಂದೂ ಹೇಳಿ ಯಾಕೆ ಹೆದರಿಸಬೇಕು, ಹೇಳಿದರೆ ಇಲ್ಲದವರಿಗೂ ಕಂಡೀತು. ಈ ಆಕ್ಷೇಪದ ಹಿಂದಿರುವ ಮರುಕವನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಅಕ್ಷಿಪಟಲದಿಂದ ಸಂಕೇತ ನಿಂತದ್ದಕ್ಕೆ ಹುಟ್ಟುವ ನೋಟ ಯಾರದೋ ಮಾತಿನಿಂದ ಹುಟ್ಟುವುದಿಲ್ಲ. ಹೆದರಿಕೆ ಹುಟ್ಟುವುದು ಮುನ್ಸೂಚನೆ ಇಲ್ಲದಾಗ: ಒಂದು ದಿನ ಬಚ್ಚಲಿನಿಂದ ಬರುವಾಗ ಪಡಸಾಲೆಯಲ್ಲಿ ಗುರುತಿಲ್ಲದ ಗಂಡಸೊಬ್ಬ ನಿಂತಿರುವುದು ಕಂಡರೆ, ಮನೆಯಲ್ಲಿ ಒಂಟಿಯಾಗಿರುವ ಹೆಂಗಸಿನ ಗತಿ ಏನಾಗಬೇಕು? ಹೀಗಾಗಬಹುದು ಎಂದು ಆಕೆಗೆ ಮೊದಲೇ ಗೊತ್ತಿದ್ದರೆ ಎದೆ ಒಮ್ಮೆ ಝಲ್ಲೆಂದರೂ ಮರುಕ್ಷಣ ಸಮಾಧಾನಕ್ಕೆ ಒಂದು ಆಧಾರವಿರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮದ್ದು. ಅಜ್ಜಿಗೆ ಕಂಡ ಮಕ್ಕಳನ್ನು ಆಕೆ ಬಾಲಕೃಷ್ಣನೆಂದು ಭಾವಿಸಿ ಕೈಮುಗಿದರೆ ನಿಮ್ಮ ಗಂಟೇನು ಹೋಯಿತು ಎಂದು ಕೇಳುವವರಿದ್ದಾರೆ. ಏನೂ ಹೋಗಲಿಲ್ಲ. ಆಕೆ ಅದರಲ್ಲಿ ನೆಮ್ಮದಿ ಕಂಡುಕೊಂಡಿದ್ದರೆ ಅದನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ನಾಳೆ ಅದೇ ಮೂಲೆಯಲ್ಲಿ ಹಲ್ಲು ಚಾಚಿದ ಮುಖ ಬಂದು ನಿಂತರೆ? ಇವತ್ತಿನ ಕೃಷ್ಣನನ್ನು ಒಪ್ಪಿಸಿದ ತರ್ಕವೇ ನಾಳಿನ ಪಿಶಾಚಿಯನ್ನೂ ಒಪ್ಪಿಸುತ್ತದೆ. ಆಗ ಖರ್ಚು, ಹೆದರಿಕೆ, ಕೆಲವೊಮ್ಮೆ ಹೊಡೆತ ಎಲ್ಲ ಆಕೆಯ ಪಾಲಿಗೆ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಗಂಭೀರ ಮುಖವಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಾರಣ ಪೊರೆ. ಪೊರೆ ಶಸ್ತ್ರಚಿಕಿತ್ಸೆಯಿಂದ ಹೋಗುತ್ತದೆ. ನೋಟ ಮರಳಿದರೆ ಇಲ್ಲದ ನೋಟಗಳೂ ಹಲವರಲ್ಲಿ ನಿಂತುಹೋಗುತ್ತವೆ. ತಾಯಿತಕ್ಕೆ ಕಾದ ಪ್ರತಿ ತಿಂಗಳೂ ಗುಣವಾಗಬಲ್ಲ ಕುರುಡಿನಲ್ಲಿ ಕಳೆದ ತಿಂಗಳು.

ಅಪಾಯವಿಲ್ಲದ್ದಕ್ಕೆ ಇಷ್ಟು ಗದ್ದಲವೇಕೆ ಎಂಬ ಮಾತನ್ನು ವೈದ್ಯರಿಂದಲೂ ಕೇಳಬಹುದು. ಒಂದು ವರ್ಷ, ಒಂದೂವರೆ ವರ್ಷದಲ್ಲಿ ತಾನಾಗಿ ನಿಲ್ಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಬ್ರಿಟನ್ನಿನಲ್ಲಿ ಫಿಚ್ ಅವರೇ ಮುಂದೆ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷ ದಾಟಿಯೂ ಮುಂದುವರಿದವರೇ ಹೆಚ್ಚು ಸಿಕ್ಕರು, ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಅದು ನಿಜವಾದ ಸಂಕಟವೇ ಆಗಿತ್ತು. ಕೋವಿಡ್ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಒಂಟಿಯಾದವರಲ್ಲಿ ನೋಟಗಳು ಹೆಚ್ಚಿದ್ದೂ ಬ್ರಿಟನ್ನಿನಲ್ಲೇ ದಾಖಲಾಗಿದೆ. ಮಂದ ಬೆಳಕು, ಒಂಟಿತನ, ಕೆಲಸವಿಲ್ಲದ ಹೊತ್ತು, ಇವೇ ಅದಕ್ಕೆ ಹದವಾದ ನೆಲ. ಬಿಸಿಲಲ್ಲಿ ಜನರ ಜೊತೆ ಮಾತಿಗೆ ಕೂತವರಿಗಿಂತ ಕತ್ತಲೆ ಕೋಣೆಯಲ್ಲಿ ಮಲಗಿಸಿಟ್ಟ ಹಿರಿಯರಿಗೆ ಹೆಚ್ಚು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲದ ಮೆಟ್ಟಿಲು ಕಂಡು ಎಡವುವುದು, ಇರುವ ಮೆಟ್ಟಿಲನ್ನು ಇಲ್ಲದ ಬಳ್ಳಿ ಮುಚ್ಚುವುದು ಬೇರೆ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಇಲ್ಲದ್ದು ಕಂಡದ್ದೆಲ್ಲ ಬಾನೆಟ್ ಸಿಂಡ್ರೋಮ್ ಅಲ್ಲ. ಕಂಡವರು ಮಾತಾಡುತ್ತಿದ್ದರೆ, ಆಜ್ಞೆ ಕೊಡುತ್ತಿದ್ದರೆ, ಎಷ್ಟು ಬಿಡಿಸಿ ಹೇಳಿದರೂ ಅದು ನಿಜವೆಂದೇ ಹಿರಿಯರು ಹಟ ಹಿಡಿದರೆ, ಜೊತೆಗೆ ಮರೆವು, ನಡುಕ, ನಡಿಗೆಯಲ್ಲಿ ಜಡತೆ ಇದ್ದರೆ ಪಾರ್ಕಿನ್ಸನ್ ಅಥವಾ ಲ್ಯೂಯಿ ಬಾಡಿ ಡಿಮೆನ್ಷಿಯಾ ಇರಬಹುದು. ಜ್ವರ, ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸದಾಗಿ ಶುರುಮಾಡಿದ ಮಾತ್ರೆಯಿಂದ ದಿನದೊಳಗೆ ಗೊಂದಲಕ್ಕೆ ಬೀಳುವ ವೃದ್ಧರೂ ಇದ್ದಾರೆ. ಅವರಿಗೆ ಅಂದೇ ವೈದ್ಯರು ಬೇಕು. ಲುಲ್ಲಾನ್‌ನ ಹಾಗೆ ಮೊದಲ ಗಳಿಗೆಯಲ್ಲಿ ಮೋಸಹೋಗುವುದು ಸಹಜ. ಇಲ್ಲ ಎಂದು ಹೇಳಿದಾಗ ಒಪ್ಪಿಕೊಳ್ಳುವ ವಿವೇಕ ಉಳಿದಿದೆಯೇ ಎಂಬುದೇ ಮುಖ್ಯ ಗುರುತು.

ಇದಕ್ಕೆಂದೇ ಖಚಿತವಾದ ಮಾತ್ರೆಯಿಲ್ಲ. ಸಣ್ಣ ಉಪಾಯಗಳಿವೆ: ದೀಪ ಹಾಕುವುದು, ಕೂತ ಜಾಗದಿಂದ ಏಳುವುದು, ರೆಪ್ಪೆ ಬಡಿಯುವುದು, ಕಂಡದ್ದರತ್ತ ಕೈ ಚಾಚಿ ಮುಟ್ಟಿ ನೋಡುವುದು, ತಲೆ ಅಲುಗಿಸದೆ ಕಣ್ಣನ್ನು ಎಡಕ್ಕೆ ಬಲಕ್ಕೆ ಹತ್ತು ಹದಿನೈದು ಸಲ ಹೊರಳಿಸುವುದು. ಕಣ್ಣು ಹೊರಳಿದಾಗ ದೃಷ್ಟಿಪ್ರದೇಶಕ್ಕೆ ಬೇರೆ ಕೆಲಸ ಸಿಕ್ಕಿ ಚಿತ್ರ ಕದಡುತ್ತದೆ. ಎಲ್ಲರಿಗೂ ಫಲಿಸುವುದಿಲ್ಲ, ಫಲಿಸಿದವರಿಗೆ ತಮ್ಮ ಕೈಯಲ್ಲೂ ಏನೋ ಇದೆ ಎಂಬ ಧೈರ್ಯ ಬರುತ್ತದೆ.

ಬ್ರಿಟನ್ನಿನಲ್ಲಿ ಜುಡಿತ್ ಪಾಟ್ಸ್ ಎಂಬವರು ತಮ್ಮ ತಾಯಿ ಎಸ್ಮಿ ಈ ನೋಟಗಳಿಂದ ಪಟ್ಟ ಪಾಡು ನೋಡಿ, 2015ರಲ್ಲಿ ತಾಯಿಯ ಹೆಸರಿನಲ್ಲೇ 'ಎಸ್ಮೀಸ್ ಅಂಬ್ರೆಲಾ' ಎಂಬ ಅಭಿಯಾನ ಶುರುಮಾಡಿದರು. ಅಲ್ಲಿ ಕಣ್ಣಿನ ವೈದ್ಯರು ಈಗ ಈ ಪ್ರಶ್ನೆ ಕೇಳುವುದು ಹೆಚ್ಚುತ್ತಿದೆ. ನಮಗೆ ದೊಡ್ಡ ಸಂಸ್ಥೆಯ ಅಗತ್ಯವೇನೂ ಇಲ್ಲ. ಕರ್ನಾಟಕದಲ್ಲಿ ಆಶಾಕಿರಣ ಯೋಜನೆಯಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣು ತಪಾಸಣೆ ಮಾಡುವ ವ್ಯವಸ್ಥೆ ಆಗಲೇ ಇದೆ, ಊರೂರಿನಲ್ಲಿ ನೇತ್ರ ಶಿಬಿರಗಳು ನಡೆಯುತ್ತವೆ. ಅಲ್ಲಿ ತುಂಬುವ ಫಾರಂನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಆದರೆ ಆ ಸಾಲಿನ ಮಾತು ಸರಿಯಿರಬೇಕು. "ನಿಮಗೆ ಭ್ರಮೆ ಇದೆಯಾ?" ಎಂದರೆ ಯಾರೂ ಹೌದು ಎನ್ನುವುದಿಲ್ಲ. "ಅಜ್ಜಿ, ಕಣ್ಣು ಮಂಜಾದ ಎಷ್ಟೋ ಜನಕ್ಕೆ ಅಲ್ಲಿಲ್ಲದ ಮನುಷ್ಯರು, ಬಳ್ಳಿ, ಬಲೆ ಕಾಣ್ತವೆ. ತಲೆ ಚೆನ್ನಾಗಿರೋರಿಗೇ ಕಾಣ್ತವೆ. ನಿಮಗೂ ಏನಾದ್ರೂ ಹಾಗೆ ಕಾಣುತ್ತಾ?" ಎಂದು ಕೇಳಬೇಕು. ಮೊದಲು ಅದು ಸಹಜವೆಂದು ಹೇಳಿ, ಆಮೇಲೆ ಪ್ರಶ್ನೆ. ಹೌದು ಎಂದವರ ಹೆಸರು ಪೊರೆಯ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಮೇಲೆ ಬರಬೇಕು. ಪೊರೆಯಲ್ಲದಿದ್ದರೆ ಅಕ್ಷಿಪಟಲ ನೋಡುವವರ ಬಳಿ ಕಳಿಸಬೇಕು. ಇಲ್ಲ ಎಂದವರಿಗೂ, ಮುಂದೆಂದಾದರೂ ಕಂಡರೆ ಹೆದರಬೇಡಿ, ಬಂದು ಹೇಳಿ ಎಂದು ತಿಳಿಸಬೇಕು. ಇದನ್ನು ಚೀಟಿಯಲ್ಲಿ ಅಚ್ಚು ಹಾಕಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಪಡೆಯುವವರಿಗೆ ಅದನ್ನು ಓದುವ ಕಣ್ಣಿಲ್ಲ. ಬಾಯಿಬಿಟ್ಟು ಹೇಳಬೇಕು, ಮಗನೋ ಸೊಸೆಯೋ ಪಕ್ಕದಲ್ಲಿರುವಾಗ ಅವರಿಗೂ ಕೇಳುವಂತೆ ಹೇಳಬೇಕು.